ಹರಕಿಯ ಗಿಂಡಿ

ಕಾರ್ತಿಕದ ಕಡೆಯ ಸೋಮವಾರ ಬೆಳಿಗ್ಗೆ ಇಂಡಿಯ ಮೇಲೆ ಮಂಜು ಇಳಿದಿತ್ತು. ಹಿತ್ತಲಿನ ಲಿಂಬಿ ಗಿಡಗಳ ವಾಸನೆ ಬರುತ್ತಿತ್ತು, ಗಿಡಗಳು ಕಾಣುತ್ತಿರಲಿಲ್ಲ. ಓಣಿಯಲ್ಲಿ ಯಾರೋ ಇನ್ನಾರಿಗೋ, ಹಿಂಗ ಮಂಜು ಬಿದ್ದರ ತೊಗರಿ ಹೂವೆಲ್ಲ ಉದುರಿ ಹೋಗತಾವ ಎಂದು ಹೇಳುತ್ತ ನಡೆದುಹೋದದ್ದು ಕೇಳಿಸಿತು. ಬಸಂತರಾಯನಿಗೆ ತೊಗರಿಯ ನೆನಪಾಗಲಿಲ್ಲ, ಬೆಳ್ಳಿಯ ನೆನಪಾಯಿತು. ಇಂಥ ಹಸಿ ಗಾಳಿಗೆ ಬೆಳ್ಳಿ ಕಪ್ಪಿಡುತ್ತದೆ. ಅವನು ಮುಖ ತೊಳೆಯುವ ಮೊದಲೇ ಪಡಸಾಲೆಯ ಗಾಜಿನ ಕಪಾಟು ತೆರೆದು, ಒಂದೊಂದನ್ನೂ ಮೆತ್ತನೆಯ ಅರಿವೆಯಿಂದ ಒರೆಸಿ ಮತ್ತೆ ಇದ್ದಲ್ಲೇ ಇಟ್ಟ. ಸೊಲ್ಲಾಪುರದ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಚಮಚಗಳು, ಪುಣೆಯಿಂದ ತಂದ ಸಕ್ಕರೆ ಹಿಡಿಯುವ ಚಿಮಟ, ಯಾವುದೋ ಸಾಹೇಬನ ಹೆಂಡತಿ ಬ್ರೆಡ್ಡಿನ ಹೋಳು ನಿಲ್ಲಿಸುತ್ತಿದ್ದ ಜಾಲರಿ. ಎಲ್ಲದರ ಬೆನ್ನಿಗೂ ಉಗುರಿನಷ್ಟು ಸಣ್ಣ ಛಾಪುಗಳಿದ್ದವು: ನಡೆಯುತ್ತಿರುವ ಸಿಂಹ, ಚಿರತೆಯ ಮುಖ, ವರ್ಷ ಹೇಳುವ ಒಂದು ಅಕ್ಷರ. ನಡುವಿನ ಹಲಗೆಯ ಮೇಲೆ ಮಾತ್ರ ಜಾಗ ಖಾಲಿ ಇತ್ತು. ಆ ಜಾಗದಲ್ಲಿ ಇರಬೇಕಾದದ್ದು ವೈಶಾಖದಿಂದಲೂ ದೇವರ ಮನೆಯಲ್ಲಿ ಕೂತಿತ್ತು.

ಅದು ಒಂದು ಹಾಲಿನ ಗಿಂಡಿ. ಚಹಾಕ್ಕೆ ಹಾಲು ಸುರಿಯಲೆಂದು ಇಂಗ್ಲೆಂಡಿನ ಯಾವನೋ ಅಕ್ಕಸಾಲಿಗ ಬಡಿದು ಮಾಡಿದ್ದು. ಈಗ ಅದರ ಹೊಟ್ಟೆಗೆ ಮೂರು ಬೆರಳಿನ ವಿಭೂತಿ ಇತ್ತು, ಬಾಯಲ್ಲಿ ಬಿಲ್ವಪತ್ರೆ ಇತ್ತು. ಹೆಂಡತಿ ಸುಮಂಗಲಾ ಅದನ್ನು ಮಡಿ ವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಇಡುತ್ತ, ಹೊತ್ತು ಮಾಡಬೇಡಿ, ಶ್ರೀಶೈಲಣ್ಣ ಸಿಂದಗಿಯಲ್ಲಿ ಕಾಯುತ್ತಿರುತ್ತಾನೆ ಅಂದಳು. ಶ್ರೀಶೈಲನಿಗೆ ಯಾರು ಹೇಳಿದರು ಎಂದು ಅವನು ಕೇಳಿದ. ನಾನೇ ಫೋನ್ ಮಾಡಿದೆ, ನಿಮ್ಮ ಹರಕೆಗೆ ಬಾಲ್ಯದ ಗೆಳೆಯ ಇಲ್ಲದಿದ್ದರೆ ಹೇಗೆ ಅಂದಳು. ಒಳಗೆ ಕೂಸು ಅತ್ತಿತು. ಬಾಣಂತಿ ಮಗಳು ಕೋಮಲ ಎದ್ದು ಕೂಡುವ ಸಪ್ಪಳವಾಯಿತು. ಸುಮಂಗಲಾ ಅತ್ತ ಹೋದಳು. ಬಸಂತರಾಯ ಆಗ ಹಾಸಿಗೆಯ ಕೆಳಗಿನಿಂದ, ಹೋದ ವಾರ ಸರಾಫ ಕಟ್ಟೆಯಲ್ಲಿ ಕೊಂಡು ಇಟ್ಟಿದ್ದ ಹೊಸ ಬೆಳ್ಳಿ ತಂಬಿಗೆಯನ್ನು ತೆಗೆದು, ಅದನ್ನೂ ಚೀಲಕ್ಕೆ ಇಳಿಬಿಟ್ಟ. ಹೊಸದು ಮೇಲೆ, ಹಳೆಯದು ಕೆಳಗೆ. ದೇವರಿಗೆ ಬೇಕಾದದ್ದು ಬೆಳ್ಳಿ, ಈ ಗಿಂಡಿಯೇ ಆಗಬೇಕೆಂದೇನೂ ಇಲ್ಲ. ಸಿಂಹದ ಛಾಪು ನೋಡಲು ದೇವರಿಗೆ ಭೂತಗನ್ನಡಿ ಬೇಕೇನು ಎಂದು ತನ್ನೊಳಗೇ ಕೇಳಿಕೊಂಡ. ಕೇಳಿಕೊಂಡ ಮೇಲೆ, ಇಷ್ಟು ಜಾಣ ಮಾತು ಯಾರ ಮುಂದೆ ಆಡುತ್ತಿದ್ದೇನೆ ಎಂದು ನಾಚಿಕೆಯಾಯಿತು. ಆದರೂ ತಂಬಿಗೆಯನ್ನು ಹೊರಗೆ ತೆಗೆಯಲಿಲ್ಲ.

ಬಸ್ಸು ದೀಪ ಹಚ್ಚಿಕೊಂಡು ಮಂಜಿನೊಳಗೆ ಹೊಕ್ಕಿತು. ಕಿಟಕಿಯ ಗಾಜಿನ ಮೇಲೆ ಹನಿ ಕೂಡಿ, ಒಂದು ಇನ್ನೊಂದನ್ನು ಮುಟ್ಟಿದೊಡನೆ ಎರಡೂ ಸೇರಿ ಜಾರುತ್ತಿದ್ದವು. ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕೈಯನ್ನು ಒಳಗೆ ಹಾಕಿ, ವಸ್ತ್ರದ ಮೇಲಿಂದಲೇ ಗಿಂಡಿಯ ತಳ ಹುಡುಕಿದ. ಹೆಬ್ಬೆರಳಿಗೆ ನೆಗ್ಗು ಸಿಕ್ಕಿತು. ಲಿಲಾವಿನವರ ಪಟ್ಟಿಯಲ್ಲಿ ತಳದ ಹತ್ತಿರ ಸಣ್ಣ ನೆಗ್ಗು ಎಂದು ಅಚ್ಚಾಗಿತ್ತು, ಮೂಲ ತಿಳಿಯದು ಎಂದೂ ಇತ್ತು. ಮೂಲ ಅವನಿಗೆ ತಿಳಿದಿತ್ತು. ಮುದ್ದೇಬಿಹಾಳದ ಕಡೆಯ ಆ ವಾಡೆ, ಕನ್ನಡ ಸಾಲಿಯ ಮಾಸ್ತರರು ಇಬ್ಬರು ಜಾಣ ಹುಡುಗರೆಂದು ಅವನನ್ನೂ ಶ್ರೀಶೈಲನನ್ನೂ ಕರೆದುಕೊಂಡು ಹೋದದ್ದು, ತೂಗುಮಣೆಯ ಮೇಲೆ ಕೂತ ಆ ದೊಡ್ಡ ಮನೆಯ ಒಡತಿ, ಬಿಳಿ ಸೀರೆಯ ಆಯಿ. ತಾಟಿನಲ್ಲಿ ಬಂದ ಬೆಳ್ಳಿಯ ಚಹಾದ ಕಿಟ್ಲಿ, ಸಕ್ಕರೆ ಬಟ್ಟಲು, ಗಿಂಡಿ. ಹಾಲು ನೀ ಹಾಕು ಎಂದು ಆಯಿ ಅವನಿಗೇ ಮೊದಲು ಹೇಳಿದ್ದಳು. ಅದನ್ನು ಅವನು ಎಂದೂ ಮರೆಯಲಾರ. ಮೊದಲು ಹೇಳಿದ್ದು ಅವನಿಗೇ. ಅಷ್ಟು ಬೆಳ್ಳಗಿನದನ್ನು ಅವನು ಮುಟ್ಟಿದ್ದೇ ಇಲ್ಲ. ಕೈ ನಡುಗಿತು, ಗಿಂಡಿ ಕಲ್ಲಿನ ನೆಲಕ್ಕೆ ಬಿದ್ದು ಠಣ್ ಎಂದಿತು. ಹಾಲು ಮಾಸ್ತರರ ಧೋತರದ ಮೇಲೆ. ಶ್ರೀಶೈಲ ಬಗ್ಗಿ ಅದನ್ನು ಎತ್ತಿ, ತನ್ನ ಅಂಗಿಯಿಂದ ಒರೆಸಿ, ಒಳಗಿನಿಂದ ಬೇರೆ ಹಾಲು ಬಂದಾಗ ಒಂದು ಹನಿ ಚೆಲ್ಲದೆ ಎಲ್ಲರ ಬಟ್ಟಲಿಗೂ ಹಾಕಿದ. ಆಯಿ ನಕ್ಕು, ‘ಇವನ ಕೈ ನೋಡ್ರಿ ಮಾಸ್ತರ, ದೇವರ ಕೈ ಇದ್ದಂಗ ಐತಿ’ ಅಂದಳು. ಬಸಂತರಾಯನ ಕೈಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅವನಿಗೆ ಚಹಾ ಕೊಟ್ಟರು. ಸಿಹಿ ಇತ್ತು. ಅರ್ಧ ಬಟ್ಟಲಿನಲ್ಲೇ ಉಳಿಸಿದ.

ಅದೇ ಕೈಯಿಂದ ಶ್ರೀಶೈಲ ಮುಂದೆ ದನದ ಡಾಕ್ಟರಾದ. ಆಕಳ ಹೊಟ್ಟೆಯೊಳಗೆ ಮೊಳಕೈತನಕ ಕೈ ಹಾಕಿ ತಿರುಗಿ ನಿಂತ ಕರುವನ್ನು ಸರಿಮಾಡಿ ಹೊರಗೆ ತೆಗೆಯುತ್ತಿದ್ದ. ಸಿಂದಗಿಯ ಸುತ್ತ ಹಳ್ಳಿಗಳಲ್ಲಿ ಮಂದಿ ಅವನ ಕೈಗೇ ನಮಸ್ಕಾರ ಮಾಡುತ್ತಿದ್ದರು. ಬಸಂತರಾಯ ಇಂಡಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ, ಚಲೋ ನಡೆಯಿತು. ಆದರೆ ಬೆಳ್ಳಿ ಅವನದು. ಬೆಳ್ಳಿಯ ಹುಚ್ಚು ಮೊದಲು ಹತ್ತಿದ್ದು ಅವನಿಗೆ, ಛಾಪು ಓದಲು ಕಲಿತದ್ದು ಅವನು, ಒಂದು ದೀಪಾವಳಿಯ ದಿನ ಪಡಸಾಲೆಯಲ್ಲಿ ಕೂರಿಸಿಕೊಂಡು ಶ್ರೀಶೈಲನ ಕಣ್ಣಿಗೆ ಭೂತಗನ್ನಡಿ ಹಿಡಿದು, ಇದು ಸಿಂಹ, ನೋಡು, ಒಂದು ಕಾಲು ಎತ್ತಿರ್ತೈತಿ ಎಂದು ತೋರಿಸಿದ್ದೂ ಅವನೇ. ಅಯ್ಯ, ಆಕಳ ಕಂಡಂಗ ಕಾಣತೈತಿ ಎಂದು ಶ್ರೀಶೈಲ ನಕ್ಕಿದ್ದ. ಮುಂದಿನ ವರ್ಷ ಪುಣೆಯ ಒಂದು ಲಿಲಾವಿನಲ್ಲಿ, ಮೊಬೈಲಿನಲ್ಲಿ ಸುಮ್ಮನೆ ಬೆರಳಾಡಿಸುತ್ತ, ಆ ವಾಡೆಯ ಕಿಟ್ಲಿ ಮತ್ತು ಸಕ್ಕರೆ ಬಟ್ಟಲು ಎರಡನ್ನೂ ಶ್ರೀಶೈಲ ಹಿಡಿದುಬಿಟ್ಟ. ಅವು ಅದೇ ವಾಡೆಯವು ಎಂದು ಅವನಿಗೆ ಗೊತ್ತೂ ಇರಲಿಲ್ಲ. ಬಸಂತರಾಯನೇ ಹೋಗಿ ನೋಡಿ, ಹಿಡಿಕೆಯ ಮೇಲಿನ ದ್ರಾಕ್ಷಿ ಗೊಂಚಲು ಗುರುತಿಸಿ ಹೇಳಬೇಕಾಯಿತು. ಹೌದೇನು ಎಂದು ಶ್ರೀಶೈಲ ಕಿಟ್ಲಿಯನ್ನು ಒಂದು ಸಲ ತಿರುಗಿಸಿ ನೋಡಿ, ಮತ್ತೆ ಟಿವಿಯ ಪಕ್ಕದಲ್ಲಿಟ್ಟು, ಎಮ್ಮೆಯ ಜ್ವರದ ಮಾತು ಮುಂದುವರಿಸಿದ. ಅದನ್ನೇ ಬಸಂತರಾಯನಿಗೆ ತಡೆಯಲಾಗಲಿಲ್ಲ. ಬೇಡಿದವನ ಕೈಯಿಂದ ಜಾರುವುದು, ಬೇಡದವನ ಮನೆಗೆ ತಾನಾಗಿ ನಡೆದು ಹೋಗಿ ಟಿವಿಯ ಪಕ್ಕದಲ್ಲಿ ಕೂಡುತ್ತದೆ. ಆ ರಾತ್ರಿ ಲಿಂಗಪೂಜೆಗೆ ಕೂತಾಗಲೂ ಎಡಗೈಯ ಮೇಲಿನ ಇಷ್ಟಲಿಂಗದಲ್ಲಿ ಅವನಿಗೆ ಕಿಟ್ಲಿಯ ಹೊಳಪು ಕಂಡಿತ್ತು. ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೂ ಅದು ಹೊಳೆಯಿತು.

ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿಯೊಬ್ಬಳು ಕಿಟಕಿ ಮುಚ್ಚಪ್ಪ, ಥಂಡಿ ಬಡೀತೈತಿ ಅಂದಳು. ಅವನು ಮುಚ್ಚಿದ. ಮೈಯಲ್ಲಿ ಮಾತ್ರ ಆ ವೈಶಾಖದ ಬಿಸಿಲೇ ಇತ್ತು. ವಾಡೆ ಮಾರಾಟವಾಗಿತ್ತು, ಮಕ್ಕಳು ಮೊಮ್ಮಕ್ಕಳು ಹಂಚಿಕೊಳ್ಳಲಾರದೆ ಉಳಿದ ಸಾಮಾನನ್ನು ಅಂಗಳದಲ್ಲಿ ಲಿಲಾವು ಹಾಕಿದ್ದರು. ಪುಣೆಯಿಂದ ಬಂದ ಒಬ್ಬ ಮನುಷ್ಯ ಸಣ್ಣ ಮರದ ಸುತ್ತಿಗೆ ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೂಗುತ್ತಿದ್ದ. ಗಿಂಡಿ ಮೇಜಿಗೆ ಬಂದಾಗ ಬಸಂತರಾಯ ಕೈ ಎತ್ತಿದ. ಹಿಂದಿನಿಂದ ಇನ್ನೊಂದು ಕೈ ಎದ್ದಿತು. ತಿರುಗಿ ನೋಡುವ ಅವಶ್ಯಕತೆ ಇರಲಿಲ್ಲ, ಆ ಕೈಯನ್ನು ಅವನು ಬೆನ್ನಿನಿಂದಲೇ ಬಲ್ಲ. ಅವನು ಏರಿಸಿದ, ಅದು ಸಾವಕಾಶವಾಗಿ, ಅವಸರವಿಲ್ಲದೆ ಇನ್ನಷ್ಟು ಏರಿಸಿತು. ಮತ್ತೆ ಏರಿಸಿದ. ಮತ್ತೆ ಅದೇ ಸಾವಕಾಶ. ಆಗ ಅವನ ಬಾಯಿಂದ ಆ ಮಾತು ಬಂತು. ತಾನು ಆಡಿದೆನೋ, ಅದು ತಾನಾಗಿ ಹೊರಟಿತೋ, ಇಂದಿಗೂ ಅವನಿಗೆ ತಿಳಿಯದು. ‘ಹರಕಿ ಐತ್ರಿ’ ಅಂದ.

ಗುಡಿಯಲ್ಲಿ ದೇವರ ಕಾಯಿ, ಹಣ್ಣು, ಸೀರೆ ಸವಾಲು ಕೂಗುವಾಗ ಯಾರಾದರೂ ಹರಕಿ ಐತಿ ಅಂದರೆ ಅಲ್ಲಿಗೆ ಸವಾಲು ಮುಗಿಯುತ್ತದೆ. ಈ ಸೀಮೆಯಲ್ಲಿ ಅದರ ಮೇಲೆ ಯಾರೂ ಏರಿಸುವುದಿಲ್ಲ. ಹಾಗೆ ಒಯ್ದ ವಸ್ತು ಒಯ್ದವನದೂ ಅಲ್ಲ. ಹರಕೆ ತೀರಿದ ದಿನ ಅದನ್ನು ದೇವರಿಗೆ ಮುಟ್ಟಿಸಬೇಕು. ಆದರೆ ಇದು ಗುಡಿಯಲ್ಲ, ಇದು ಇಂಗ್ಲಿಷ್ ಬೆಳ್ಳಿಯ ಲಿಲಾವು. ಸುತ್ತಿಗೆಯ ಮನುಷ್ಯನಿಗೆ ಏನೂ ಅರ್ಥವಾಗಲಿಲ್ಲ. ಬೋಲಾ, ಬೋಲಾ, ಏಕದಮ್ ಯಾಕ್ರಿ ಸುಮ್ಮನಾದ್ರಿ ಎಂದು ಎಲ್ಲರ ಮುಖ ನೋಡಿದ. ಅಂಗಳದಲ್ಲಿದ್ದ ಮಂದಿಯೆಲ್ಲ ಸುಮ್ಮನಾಗಿದ್ದರು. ಇಬ್ಬರು ಮೂವರು ಟೋಪಿ ತೆಗೆದರು. ಶ್ರೀಶೈಲ ಎತ್ತಿದ ಕೈಯನ್ನು ಇಳಿಸಿ, ಇನ್ನೊಂದು ಕೈಗೆ ಜೋಡಿಸಿ, ಗಿಂಡಿಗೆ ನಮಸ್ಕಾರ ಮಾಡಿದ್ದ. ಸುತ್ತಿಗೆ ಬಿತ್ತು. ಬಸಂತರಾಯನಿಗೆ ಸಂತೋಷವಾಗಬೇಕಾಗಿತ್ತು. ಆ ಜೋಡಿಸಿದ ಕೈಗಳನ್ನು ನೋಡಿ ಮತ್ತೆ ಹೊಟ್ಟೆ ಉರಿಯಿತು. ಸೋತದ್ದರಲ್ಲೂ ಇವನದೇ ಮೇಲಾಯಿತಲ್ಲ ಎಂದು.

ಮಾತು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಶ್ರೀಶೈಲನ ಹೆಂಡತಿ ವಿಜಯಲಕ್ಷ್ಮಿ ಸುಮಂಗಲಾಗೆ ಹೇಳಿದ್ದಳು. ಅದೇ ವಾರ ಕೋಮಲಳ ಬಸಿರಿನಲ್ಲಿ ಏನೋ ತೊಡಕು ಎಂದು ಡಾಕ್ಟರು ಹೇಳಿ, ಅವಳನ್ನು ಹಾಸಿಗೆ ಬಿಟ್ಟು ಏಳಬಾರದೆಂದು ತವರಿಗೆ ತಂದು ಮಲಗಿಸಿದ್ದರು. ಸುಮಂಗಲಾ ಬಾಗಿಲಲ್ಲೇ ನಿಂತು ಅವನ ಕೈಯೊಳಗಿನ ಗಿಂಡಿ ನೋಡಿದಳು. ‘ಇಷ್ಟ ದಿನ ನಿಮ್ಮನ್ನ ಕಲ್ಲ ಅಂದ್ಕೊಂಡಿದ್ನಿರಿ. ಮಗಳ ಸಲುವಾಗಿ ಹರಕಿ ಹೊತ್ತು ಒಂದ ಮಾತ ಹೇಳಲಿಲ್ಲಲ್ಲ’ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾವ ದೇವರಿಗೆ ಎಂದು ಕೇಳಿದಳು. ಅವನು ಬಾಯಿಗೆ ಬಂದದ್ದು ಹೇಳಿದ, ತಾಯಿಯ ತವರಾದ ಬಾಗೇವಾಡಿಯ ಊರ ಹೊರಗಿನ ಕಲ್ಲೇಶ. ಅಂದಿನಿಂದ ಗಿಂಡಿಯ ಮುಂದೆ ದೀಪ ಹಚ್ಚುವುದು ಶುರುವಾಯಿತು. ಸೊಸೆ ಹೆರುವ ತನಕ ನಾವೂ ಸೋಮವಾರ ಮಾಡುತ್ತೇವೆ ಎಂದು ಅಳಿಯನ ಮನೆಯವರು ಹೇಳಿ ಕಳಿಸಿದರು. ಶ್ರೀಶೈಲನೂ ಸೋಮವಾರ ಒಂದು ಹೊತ್ತು ಉಣ್ಣುತ್ತಾನೆ ಎಂದು ಗೊತ್ತಾಯಿತು. ಎಲ್ಲರೂ ಬೇಡಿಕೊಂಡರು. ಬೇಡಿಕೊಳ್ಳದೆ ಉಳಿದವನು ಅವನೊಬ್ಬ. ಪೂಜೆಗೆ ಕೂತಾಗ ಕೇಳಬೇಕೆನ್ನಿಸುತ್ತಿತ್ತು, ಕೇಳಿದರೆ ಆ ಸುಳ್ಳು ಮಾತನ್ನು ದೇವರ ಎದುರೂ ಆಡಿದ ಹಾಗಾಗುತ್ತದೆ ಎಂದು ಅಂಜಿ ಸುಮ್ಮನಾಗುತ್ತಿದ್ದ. ಕೋಮಲ ಹಾಸಿಗೆಯಲ್ಲಿ ನರಳಿದಾಗ ಗೋಡೆಯ ಈಚೆ ಅವನು ಸುಮ್ಮನೆ ಕೂತಿರುತ್ತಿದ್ದ, ಬಾಯಲ್ಲಿ ಮಂತ್ರವಿಲ್ಲದೆ. ಕೂಸು ಚಲೋ ಹುಟ್ಟಿತು. ತಾಯಿಯೂ ಚಲೋ ಉಳಿದಳು. ಯಾರೂ ಹೊರದ ಹರಕೆ ತೀರಿಬಿಟ್ಟಿತ್ತು.

ಸಿಂದಗಿಯ ನಿಲ್ದಾಣದಲ್ಲಿ ಮಂಜು ಸ್ವಲ್ಪ ಹರಿದಿತ್ತು. ಶ್ರೀಶೈಲ ಶಾಲು ಹೊದ್ದು, ಎರಡೂ ಕೈಯಲ್ಲಿ ಒಂದು ಖಾದಿ ಚೀಲ ಹಿಡಿದು ನಿಂತಿದ್ದ. ಒಳಗಿನದನ್ನು ಟವೆಲಿನಲ್ಲಿ ಸುತ್ತಿದ್ದ. ಗುಂಡಗಿನ ಹೊಟ್ಟೆ, ಮೇಲೆ ಹಿಡಿಕೆಯ ಬಾಗು, ಟವೆಲಿನ ಮೇಲಿಂದಲೂ ಆಕಾರ ಕಾಣುತ್ತಿತ್ತು. ಬಸಂತರಾಯ ತನ್ನೊಳಗೇ ಅಂದುಕೊಂಡ: ಕಿಟ್ಲಿ ತಂದಿದ್ದಾನೆ. ನನ್ನ ಗಿಂಡಿಯ ಜೊತೆ ತನ್ನ ಕಿಟ್ಲಿಯನ್ನೂ ದೇವರಿಗೆ ಕೊಟ್ಟು, ಮಂದಿ ಮುಂದೆ ಜೋಡಿ ಕೂಡಿಸಿದವನು ತಾನಾಗುತ್ತಾನೆ. ಆಗ ನಾನು ಹೊಸ ತಂಬಿಗೆ ಕೊಟ್ಟರೆ ಅದು ಕಿಟ್ಲಿಯ ಪಕ್ಕದಲ್ಲಿ ಪ್ರಸಾದದ ಲೋಟದ ಹಾಗೆ ಕಾಣುತ್ತದೆ. ಶ್ರೀಶೈಲ ಬಸ್ಸು ಹತ್ತಿ ಪಕ್ಕದಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡ. ರಸ್ತೆಯ ಪ್ರತಿ ತಗ್ಗಿಗೂ ಅದನ್ನು ಮೇಲೆತ್ತಿ ಹಿಡಿಯುತ್ತಿದ್ದ. ಅಷ್ಟು ಜೋಪಾನ. ಟಿವಿಯ ಪಕ್ಕದಲ್ಲಿಟ್ಟವನಿಗೆ ಈಗ ಅದರ ಬೆಲೆ ತಿಳಿಯಿತೇನೋ.

ಅಜ್ಜ ಆದಿ, ಇನ್ನರೆ ನಗಲೇ ಎಂದು ಶ್ರೀಶೈಲ ಅವನ ಮೊಳಕಾಲಿಗೆ ತಟ್ಟಿದ. ಕೂಸು ಯಾರ ಹಾಂಗ ಐತಿ ಎಂದು ಕೇಳಿದ. ಎಲ್ಲಾರೂ ನನ್ನ ಹಾಂಗ ಅಂತಾರ ಎಂದ ಬಸಂತರಾಯ. ಹಂಗಾರ ಪಾಪ ಎಂದು ಶ್ರೀಶೈಲ ಗಂಭೀರವಾಗಿ ತಲೆ ಆಡಿಸಿದ, ಮುಂದಿನ ಸೀಟಿನವರೂ ನಕ್ಕರು. ಬಸಂತರಾಯನಿಗೂ ನಗೆ ಬಂತು. ಬಂದ ನಗೆಯ ಮೇಲೂ ಸಿಟ್ಟು ಬಂತು. ಬಸ್ಸು ದೇವರಹಿಪ್ಪರಗಿ ದಾಟಿತು. ಎರಡೂ ಬದಿಗೆ ತೊಗರಿಯ ಹೊಲ ಹಳದಿಯಾಗಿ, ಒದ್ದೆಯಾಗಿ ನಿಂತಿತ್ತು. ಶ್ರೀಶೈಲ ಹೊಲ ನೋಡುತ್ತಲೇ ಅಂದ, ‘ಆವತ್ತ ನೀ ಹರಕಿ ಅಂದಾಗ ನನಗ ನಾಚಿಕಿ ಬಂತು ಬಸಂತಾ. ನೀ ಮಗಳಿಗೋಸ್ಕರ ಕೈ ಎತ್ತಿದ್ದಿ. ನಾ ಬರೇ ಹಠಕ್ಕ ಎತ್ತಿದ್ನಿ.’ ಬಸಂತರಾಯ ಏನೋ ಹೇಳಲು ಬಾಯಿ ತೆರೆದ. ಬಸ್ಸು ತಗ್ಗಿಗೆ ಇಳಿಯಿತು, ಶ್ರೀಶೈಲ ಚೀಲವನ್ನು ಮೇಲಕ್ಕೆತ್ತಿದ.

ಬಾಗೇವಾಡಿಯಲ್ಲಿ ಇಳಿದು ಊರ ಹೊರಗಿನ ದಾರಿ ಹಿಡಿದರು. ಕಲ್ಲೇಶನದು ಸಣ್ಣ ಗುಡಿ, ಮುಂದೆ ಒಂದು ಬೇವಿನ ಗಿಡ, ಎಲೆಗಳಿಂದ ಮಂಜು ಹನಿಹನಿಯಾಗಿ ಉದುರುತ್ತಿತ್ತು. ಪೂಜಾರಿ ಪರಪ್ಪ ಬಾವಿಯಿಂದ ನೀರು ಸೇದಿ ತಂದು, ಬರ್ರಿ ಸಾವಕಾರ್ರ, ನಿಮ್ಮ ಮನೆಯವರು ಫೋನ್ ಮಾಡಿದ್ರು ಎಂದ. ಒಳಗೆ ಕತ್ತಲೆ, ಎಣ್ಣೆಯ ವಾಸನೆ, ಗಂಟೆಯ ಹಗ್ಗ. ಹಾಲು ಎಲ್ಲಿ ಎಂದು ಪರಪ್ಪ ಕೇಳಿದ. ಬಸಂತರಾಯನಿಗೆ ಹಾಲು ತರಬೇಕೆಂಬುದೇ ನೆನಪಿರಲಿಲ್ಲ. ಬೆಳಗಿನಿಂದ ಅವನು ಯೋಚಿಸಿದ್ದೆಲ್ಲ ಪಾತ್ರೆಯ ಬಗ್ಗೆ. ಪೂಜಾರಿಯ ಎದುರು ಅವನು ಶಾಲು ಸರಿಮಾಡಿಕೊಳ್ಳುತ್ತ ನಿಂತ. ಶ್ರೀಶೈಲ ಆಗ ನೆಲಕ್ಕೆ ಕೂತು, ಖಾದಿ ಚೀಲದಿಂದ ಟವೆಲು ಬಿಚ್ಚಿದ. ಒಳಗಿದ್ದದ್ದು ಹಿಡಿಕೆಯ ಸ್ಟೀಲಿನ ಕ್ಯಾನು. ನಸುಕಿನಲ್ಲಿ ಹಿಂಡಿದ ಆಕಳ ಹಾಲು, ಇನ್ನೂ ಸ್ವಲ್ಪ ಬೆಚ್ಚಗಿತ್ತು. ‘ಹರಕಿ ನಿಂದು, ಹಾಲ ನಂದಿರಲಿ ಅಂತ ತಂದ್ನಿ’ ಅಂದ. ದಾರಿಯುದ್ದಕ್ಕೂ ಅವನು ಮೇಲೆತ್ತಿ ಹಿಡಿದದ್ದು ಇದನ್ನು.

ಬಸಂತರಾಯ ಚೀಲದೊಳಗೆ ಕೈ ಹಾಕಿದ. ಮೊದಲು ಸಿಕ್ಕದ್ದು ಹೊಸ ತಂಬಿಗೆ. ನುಣ್ಣಗಿತ್ತು, ತಣ್ಣಗಿತ್ತು, ಯಾರ ಬೆರಳನ್ನೂ ಅರಿಯದ ಬೆಳ್ಳಿ. ಅದನ್ನು ತೆಗೆದರೆ ಯಾರು ಏನು ಕೇಳಿಯಾರು? ಪರಪ್ಪನಿಗೆ ಗೊತ್ತಿಲ್ಲ. ಶ್ರೀಶೈಲನಿಗೆ ಗೊತ್ತಾಗುತ್ತದೆ, ಆದರೆ ಶ್ರೀಶೈಲ ಏನೂ ಅನ್ನುವುದಿಲ್ಲ, ಎಂದೂ ಅಂದವನಲ್ಲ. ಅವನು ಅನ್ನದೆ ಇರುವುದನ್ನು ಇಷ್ಟು ವರ್ಷ ಹೊತ್ತು ತಿರುಗಿದವನಿಗೆ ಇನ್ನೊಂದನ್ನು ಹೊರುವ ಶಕ್ತಿ ಇದೆಯೋ ಇಲ್ಲವೋ. ಕೈ ಇನ್ನೂ ಕೆಳಗೆ ಹೋಯಿತು. ಮಡಿ ವಸ್ತ್ರ, ವಿಭೂತಿಯ ಪುಡಿ, ಬಾಡಿದ ಬಿಲ್ವ. ಹೆಬ್ಬೆರಳು ತಾನಾಗಿ ನೆಗ್ಗಿನಲ್ಲಿ ಕೂತಿತು.

ಗಿಂಡಿ ಹೊರಗೆ ಬಂದಾಗ ಶ್ರೀಶೈಲ ಬಗ್ಗಿ ನೋಡಿದ, ಮುಟ್ಟಲಿಲ್ಲ. ನೆಗ್ಗು ಹಂಗಽ ಐತಲ್ಲ ಅಂದ, ಸಣ್ಣ ದನಿಯಲ್ಲಿ. ಸರಾಫನ ಕಡೆ ಬಡಿಸಿ ತಗಸಲಿಲ್ಲೇನು ಎಂದು ಕೇಳಿದ. ಇಲ್ಲ ಅಂದ ಬಸಂತರಾಯ. ಚಲೋ ಮಾಡಿದಿ ಅಂದ ಶ್ರೀಶೈಲ. ಅವನಿಗೂ ನೆನಪಿತ್ತು. ಇಷ್ಟು ವರ್ಷ ಅವನಿಗೂ ಆ ಕಲ್ಲಿನ ನೆಲ, ಆ ಠಣ್ ಎಂಬ ಸದ್ದು ನೆನಪಿತ್ತು, ಯಾರ ಮುಂದೆಯೂ ಅದನ್ನು ಕಥೆ ಮಾಡಿ ನಗಿಸಿರಲಿಲ್ಲ. ಕ್ಯಾನಿನಿಂದ ಗಿಂಡಿಗೆ ಹಾಲು ಇಳಿಯಿತು. ಬಸಂತರಾಯ ಗಿಂಡಿಯನ್ನು ಅವನ ಕಡೆ ಚಾಚಿ, ನೀನೇ ಹಾಕು, ನಿನ್ನ ಕೈ ಚಲೋ ಐತಿ ಅಂದ. ಶ್ರೀಶೈಲ ಹಿಂದೆ ಸರಿದ. ‘ಹರಕಿ ಹೊತ್ತಾವನ ಹಾಕಬೇಕಪಾ.’

ಯಾರ ಹೆಸರಿನ ಮೇಲೆ ಎಂದು ಪರಪ್ಪ ಕೇಳಿದ. ಕೋಮಲ ಎಂದ ಬಸಂತರಾಯ. ಮಗಳ ಹೆಸರನ್ನು ದೇವರ ಎದುರು ಅವನು ಅಂದಿದ್ದು ಈ ಆರು ತಿಂಗಳಲ್ಲಿ ಅದೇ ಮೊದಲು. ಗೋಡೆಯ ಆಚೆ ಅವಳು ನರಳುತ್ತಿದ್ದಾಗ ಕೇಳದೆ ನುಂಗಿದ್ದನ್ನು ಈಗ, ದೇವರು ಎಲ್ಲ ಕೊಟ್ಟಾದ ಮೇಲೆ, ಕೇಳಿದ: ಅವಳನ್ನ ಉಳಿಸಪಾ, ಕೂಸನ್ನ ಉಳಿಸಪಾ. ತಡವಾಗಿ ಬಂದ ಮಾತಿಗೆ ಬಾಗಿಲು ಹಾಕುವ ಹಾಗೆ ಆ ಕಲ್ಲು ಕಾಣಲಿಲ್ಲ. ಅವನು ಗಿಂಡಿ ಬಗ್ಗಿಸಿದ. ಕೈ ನಡುಗಿತು. ವಾಡೆಯಲ್ಲಿ ನಡುಗಿದ ಹಾಗೆಯೇ, ಬೆರಳ ತುದಿಯಿಂದ ಮೊಳಕೈತನಕ. ಹಾಲು ನೆಟ್ಟಗೆ ಬೀಳದೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬಿದ್ದು, ಲಿಂಗದ ನೆತ್ತಿ, ಬೆನ್ನು, ಮಗ್ಗುಲು ಎಲ್ಲ ಕಡೆಗೂ ಹರಿಯಿತು. ಪರಪ್ಪ ಗಂಟೆ ಬಾರಿಸುತ್ತಿದ್ದ. ಶ್ರೀಶೈಲ ಕಣ್ಣು ಮುಚ್ಚಿದ್ದ. ಚೆಲ್ಲಿತು ಎಂದು ಯಾರೂ ಅನ್ನಲಿಲ್ಲ. ಅಲ್ಲಿ ಬಿದ್ದದ್ದು ಯಾವುದೂ ಚೆಲ್ಲಿದ್ದಾಗಿರಲಿಲ್ಲ.

ಆಮೇಲೆ ಪರಪ್ಪ, ಬಾಣಂತಿಗಿ ತೀರ್ಥ ಒಯ್ಯಾಕ ಏನರೆ ತಂದೀರೇನ್ರಿ ಎಂದು ಕೇಳಿದ. ಚೀಲದಲ್ಲಿ ಉಳಿದದ್ದು ಒಂದೇ. ಬಸಂತರಾಯ ಹೊಸ ತಂಬಿಗೆ ತೆಗೆದು ಮುಂದಿಟ್ಟ. ಸರಾಫನ ಕಾಗದದ ಚೀಟಿ ಅದರ ಕೊರಳಲ್ಲಿ ಇನ್ನೂ ತೂಗುತ್ತಿತ್ತು. ಶ್ರೀಶೈಲ ಅದನ್ನು ನೋಡಿದ, ಗಿಂಡಿಯನ್ನು ನೋಡಿದ, ಬಸಂತರಾಯನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಹೊರಗೆ ಬೇವಿನ ಎಲೆಗಳಿಂದ ಉದುರುವ ಹನಿಗಳ ಕಡೆಗೆ ತಿರುಗಿ, ಮಂಜು ಸರೀತು ನೋಡು, ತೊಗರಿ ಉಳಿತಾವ ಅಂದ. ಪರಪ್ಪ ತಂಬಿಗೆಗೆ ತೀರ್ಥ ತುಂಬಿ, ಚೀಟಿ ಹರಿದು ಬದಿಗಿಟ್ಟು, ಗಿಂಡಿಗಾಗಿ ಇನ್ನೊಂದು ಕೈ ಚಾಚಿದ. ಬಸಂತರಾಯ ಶಾಲಿನ ಅಂಚಿನಿಂದ ಗಿಂಡಿಯ ಬಾಯಿ ಒರೆಸಿದ, ತಳ ಒರೆಸಿದ, ನೆಗ್ಗಿನಲ್ಲಿ ನಿಂತ ಹನಿಯನ್ನೂ ಒರೆಸಿದ. ಆಮೇಲೆ ಅದನ್ನು ಪರಪ್ಪನ ಕೈಗೆ ಇಟ್ಟ.